ಕಡಲಾಚೆಯ ಕಂಬನಿ

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ಲೇಖನವೊಂದನ್ನು ಕೊಡಬೇಕೆಂದು ಆಜ್ಞಾಪಿಸಿದಾಗ, ವಾಡಿಕೆಯಂತೆ ಹಳಗನ್ನಡದ ಯಾವುದಾದರೊಂದು ಕಾವ್ಯಪ್ರಸಂಗವನ್ನೆತ್ತಿಕೊಂಡು ನಾಲ್ಕು ಪುಟ ತುಂಬಿಸಬೇಕೆಂದಿದ್ದೆ. ಆದರೆ ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯೊಂದಕ್ಕೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತೆಂಬ ಅಳುಕು ಇಷ್ಟು ಕಾಲ ಮನಸ್ಸಿನಲ್ಲಿ ಉಳಿದುಕೊಂಡಿದೆ. ಅಧ್ಯಾಪಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಶಾಲೆಯನ್ನು ಪೊರೆದ ದಾನಿಗಳೂ ಒಟ್ಟಿಗೆ ಓದುವ ಈ ಪುಟಗಳಲ್ಲಿಯೇ ಆ ತಪ್ಪನ್ನು ತಿದ್ದಿಕೊಳ್ಳುವುದು ಯುಕ್ತವೆಂದು ತೋರಿತು.

2014ನೆಯ ಇಸವಿಯ ಡಿಸೆಂಬರ್ 17ರ ಮುಂಜಾನೆ. ಹಿಂದಿನ ದಿನ ಪಾಕಿಸ್ತಾನದ ಪೇಶಾವರ ನಗರದಲ್ಲಿ ಸೈನ್ಯದವರು ನಡೆಸುವ ಶಾಲೆಯೊಂದಕ್ಕೆ ಬಂದೂಕುಧಾರಿಗಳು ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದಿದ್ದರು. ಭಾರತದ ಶಾಲೆಗಳೆಲ್ಲ ಆ ಮಕ್ಕಳಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲಬೇಕೆಂದು ನಮ್ಮ ಪ್ರಧಾನಮಂತ್ರಿಗಳು ಕರೆಯಿತ್ತಿದ್ದರು. ದೇವರಗುಡ್ಡದ ಸೀಮೆಯ ನಮ್ಮ ಶಾಲೆಯ ಅಂಗಳದಲ್ಲಿಯೂ ಮಕ್ಕಳು ಸಾಲುಗಟ್ಟಿ ನಿಂತರು. ಅಷ್ಟು ಮಕ್ಕಳು ಅಷ್ಟು ಹೊತ್ತು ಸದ್ದಿಲ್ಲದೆ ನಿಂತುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೆ ಎಂಟನೆಯ ತರಗತಿಗೆ ಪಾಠಕ್ಕೆ ಹೋದಾಗ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೇ, ನಾವು ನಿಂತದ್ದು ಅಲ್ಲಿಯವರಿಗೆ ತಿಳಿಯುವುದೇ?” ಎಂದು ಕೇಳಿದನು. “ತಿಳಿಯದಿದ್ದರೇನು? ಕರುಣೆಯೆಂಬುದು ಇನ್ನೊಬ್ಬರಿಗೆ ತಿಳಿಯಲೆಂದು ಮಾಡುವುದಲ್ಲ, ಕೂಡು” ಎಂದೆ. ತರಗತಿ ಸುಮ್ಮನಾಯಿತು. ನನ್ನ ಉತ್ತರ ನನಗೆ ಬಲು ಸೊಗಸಾಗಿ ಕಂಡಿತು. ಕೇಳಿದ ಹುಡುಗನ ಮುಖದಲ್ಲಿ ಮಾತ್ರ ಯಾವ ಸಮಾಧಾನವೂ ಕಾಣಲಿಲ್ಲ.

ಏಳು ವರ್ಷಗಳ ಮೇಲೆ ಅದೇ ಪ್ರಶ್ನೆ ದಿಕ್ಕು ಬದಲಿಸಿ ನಮ್ಮ ಬಾಗಿಲಿಗೇ ಬಂತು.

2022ನೆಯ ಇಸವಿಯ ಮಾರ್ಚ್ 1, ಮಂಗಳವಾರ. ಅಂದು ಮಹಾಶಿವರಾತ್ರಿ. ನಮ್ಮ ಕಡೆಯ ಮನೆಮನೆಗಳಲ್ಲಿ ಉಪವಾಸ, ಮಠಮಂದಿರಗಳಲ್ಲಿ ಜಾಗರಣೆಯ ಸಿದ್ಧತೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತು: ಉಕ್ರೇನ್ ದೇಶದ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ತರುಣನೊಬ್ಬನು ಶೆಲ್ ದಾಳಿಯಲ್ಲಿ ಮಡಿದನು. ಯುದ್ಧ ಆರಂಭವಾಗಿ ಐದಾರು ದಿನಗಳಾಗಿದ್ದವು. ಅಡಗುತಾಣದಿಂದ ಹೊರಬಂದು ತಿನ್ನುವ ಪದಾರ್ಥಗಳನ್ನು ಕೊಳ್ಳಲು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದನಂತೆ. ಇಲ್ಲಿ ನಾವು ದೇವರ ಹೆಸರಿನಲ್ಲಿ ಅನ್ನವನ್ನು ಬಿಟ್ಟು ಕುಳಿತ ದಿನವೇ ಅಲ್ಲಿ ನಮ್ಮ ನೆರೆಯ ಹುಡುಗನು ಅನ್ನಕ್ಕಾಗಿ ಸಾಲಿನಲ್ಲಿ ನಿಂತು ಜೀವ ಬಿಟ್ಟನೆಂಬುದನ್ನು ಕೇಳಿದಾಗ, ಆ ರಾತ್ರಿಯ ಜಾಗರಣೆಗೆ ಬೇರೊಂದು ಅರ್ಥ ಬಂದಿತು. ಅವನ ಹೆಸರನ್ನು ಪತ್ರಿಕೆಗಳು ಬೇಕಾದಷ್ಟು ಸಲ ಅಚ್ಚುಮಾಡಿವೆ. ಆ ಮನೆಯವರನ್ನು ಕೇಳದೆ ಇಲ್ಲಿ ಮತ್ತೊಮ್ಮೆ ಅಚ್ಚುಮಾಡಲು ನನಗೆ ಮನಸ್ಸಿಲ್ಲ. ಚಳಗೇರಿ, ರಾಣೇಬೆನ್ನೂರು, ದೇವರಗುಡ್ಡ, ಬ್ಯಾಡಗಿ, ಇವೆಲ್ಲ ಒಂದೇ ರೈಲುಹಾದಿಯ ನಿಲ್ದಾಣಗಳು. ಅವನು ನಮ್ಮ ಹುಡುಗನೆಂದರೆ ಅತಿಶಯೋಕ್ತಿಯಾಗದು.

ಪ್ರಧಾನಮಂತ್ರಿಗಳೂ ಮುಖ್ಯಮಂತ್ರಿಗಳೂ ತಂದೆಯವರೊಡನೆ ದೂರವಾಣಿಯಲ್ಲಿ ಮಾತನಾಡಿದರು. ನಾನಿಲ್ಲಿ ಹೇಳಬೇಕಾದುದು ಹೊರದೇಶಗಳ ಮಾತು. ದೆಹಲಿಯಲ್ಲಿ ಉಕ್ರೇನಿನ ರಾಯಭಾರಿಯಾಗಿದ್ದ ಇಗೋರ್ ಪೊಲಿಖಾ ಅವರು ಅಂದೇ ಸಂತಾಪ ಸೂಚಿಸಿ, ಮೊದಲು ಸೈನಿಕ ನೆಲೆಗಳ ಮೇಲೆ ಬೀಳುತ್ತಿದ್ದ ಶೆಲ್ಲುಗಳು ಈಗ ಜನವಸತಿಯ ಮೇಲೆಯೂ ಬೀಳುತ್ತಿವೆಯೆಂದರು. ಮರುದಿನ ರಷ್ಯಾದ ನಿಯೋಜಿತ ರಾಯಭಾರಿ ಡೆನಿಸ್ ಅಲಿಪೋವ್ ಅವರು ಮೃತನ ಕುಟುಂಬಕ್ಕೂ ಇಡೀ ಭಾರತ ರಾಷ್ಟ್ರಕ್ಕೂ ಸಂತಾಪವನ್ನು ತಿಳಿಸಿ, ಈ ದುರ್ಘಟನೆಯ ಬಗೆಗೆ ಸರಿಯಾದ ತನಿಖೆಯಾಗುವುದೆಂದು ಮಾತುಕೊಟ್ಟರು. ಹೀಗೆ ಪರಸ್ಪರ ಕಾದಾಡುತ್ತಿದ್ದ ಎರಡು ದೇಶಗಳ ಕಂಬನಿ ಒಂದೇ ದಿನದ ಅಂತರದಲ್ಲಿ ಚಳಗೇರಿಯ ಒಂದು ಮನೆಯ ಹೆಸರಿಗೆ ಬಂತು. ರಾಣೇಬೆನ್ನೂರು ತಾಲ್ಲೂಕಿನ ಚರಿತ್ರೆಯಲ್ಲಿ ಹಿಂದೆ ಇಂಥದೊಂದು ನಡೆದಿರಲಾರದು.

ಈ ಮಾತುಗಳನ್ನು ಅಂದು ಅನೇಕರು ಲೇವಡಿ ಮಾಡಿದರು. ಶೆಲ್ ಹಾಕುವುದೂ ಅವರೇ, ಅಳುವುದೂ ಅವರೇ ಎಂದವರುಂಟು. ರಾಯಭಾರಿಗಳ ಸಂತಾಪವೆಂದರೆ ಕಚೇರಿಯ ಕಾಗದ, ಅದರಿಂದ ಯಾರ ಮನೆಯ ದೀಪ ಹತ್ತುವುದು ಎಂದವರೂ ಉಂಟು. ನಾನು ಅಷ್ಟು ದೂರ ಹೋಗಲಾರೆ. ಭಾಷೆಯ ಸೇವೆಯಲ್ಲಿ ತಲೆ ನರೆತವನಾದುದರಿಂದ ಆ ಮಾತುಗಳನ್ನು ಮಾತುಗಳೆಂದೇ ಬಿಡಿಸಿ ನೋಡಬಯಸುತ್ತೇನೆ.

ಕಂಬನಿ ಎಂಬ ಪದವನ್ನು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಕಣ್ ಎಂಬುದಕ್ಕೆ ಪನಿ ಎಂಬುದು ಪರವಾದಾಗ ಪಕಾರಕ್ಕೆ ಬಕಾರವು ಆದೇಶವಾಗಿ ಬರುವುದು; ಆದೇಶ ಸಂಧಿಗೆ ನಾವು ಕೊಡುವ ಮೊದಲ ಉದಾಹರಣೆಯೇ ಇದು. ಎರಡು ಪದಗಳು ಕೂಡಬೇಕಾದರೆ ಒಂದು ತನ್ನ ಅಕ್ಷರವನ್ನು ಬಿಟ್ಟುಕೊಡಬೇಕು. ಸಂತಾಪವೆಂದರೆ ಚೆನ್ನಾಗಿ ಬೇಯುವುದು. ಅನುಕಂಪವೆಂದರೆ ಒಬ್ಬನು ನಡುಗುವುದನ್ನು ಕಂಡು ಅವನ ಹಿಂದೆಯೇ ಇನ್ನೊಬ್ಬನೂ ನಡುಗುವುದು. ಈ ಪದಗಳನ್ನು ಕಟ್ಟಿದ ಹಿರಿಯರು ದುಃಖವನ್ನು ದೂರದಿಂದ ನೋಡುವವನಿಗಾಗಿ ಅವನ್ನು ಕಟ್ಟಿದಂತೆ ಕಾಣುವುದಿಲ್ಲ. ‘ಸಂತಾಪ ಸೂಚಿಸಿದರು’ ಎಂಬ ಪತ್ರಿಕಾಭಾಷೆಯಲ್ಲಿ ಬೇಯುವುದು ಹಿಂದೆ ಸರಿದು ಸೂಚಿಸುವುದು ಮುಂದೆ ಬಂದಿದೆ. ಇರಲಿ, ಪದಗಳು ಸವೆಯುವುದು ಸಹಜ. ಹೆಚ್ಚಿನ ತೊಡಕಿರುವುದು ಪದದಲ್ಲಲ್ಲ, ವಾಕ್ಯದಲ್ಲಿ.

ನಮ್ಮ ಹಳ್ಳಿಯ ಮಾತನ್ನು ಗಮನಿಸಿರಿ. ಸಾವಿನ ಸುದ್ದಿಯನ್ನು ಹೇಳುವಾಗ ಹಳ್ಳಿಗನು ‘ಸತ್ತ’ ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಹಾವು ಕಡಿದು ಸತ್ತ, ಸಿಡಿಲು ಬಡಿದು ಸತ್ತ, ಹೊಳೆ ಸೆಳೆದುಕೊಂಡಿತು, ಸಾಲ ಕೊಂದಿತು ಎನ್ನುವನು. ಕಡಿದುದು ಯಾವುದು, ಬಡಿದುದು ಯಾವುದು ಎಂಬುದಿಲ್ಲದೆ ಅವನ ವಾಕ್ಯ ಮುಗಿಯದು. ಕರ್ಮಣಿ ಪ್ರಯೋಗವು ನಮ್ಮ ಆಡುಮಾತಿಗೆ ಒಗ್ಗಿದುದಲ್ಲ. ಕನ್ನಡದ ನಾಲಗೆ ಕರ್ತೃವನ್ನು ಬಯಸುತ್ತದೆ. ಆದರೆ ರಾಷ್ಟ್ರಗಳು ರಾಷ್ಟ್ರಗಳಿಗೆ ಹೇಳುವ ಸಂತಾಪದ ಮಾತಿನಲ್ಲಿ ಕರ್ತೃಪದವು ಬಹುಮಟ್ಟಿಗೆ ಲೋಪವಾಗಿರುತ್ತದೆ. ದುರ್ಘಟನೆ ಸಂಭವಿಸಿತು, ಜೀವಹಾನಿಯಾಯಿತು, ತರುಣನು ಪ್ರಾಣ ಕಳೆದುಕೊಂಡನು. ತನ್ನ ಕೊಡೆಯನ್ನೋ ಚೀಲವನ್ನೋ ಬಸ್ಸಿನಲ್ಲಿ ಮರೆತುಬಂದವನಂತೆ ಪ್ರಾಣವನ್ನು ಕಳೆದುಕೊಂಡನು!

ಇದು ಅನ್ಯರ ದೋಷ ಮಾತ್ರವೆಂದುಕೊಳ್ಳುವಂತಿಲ್ಲ. ಅಂದು ನಮ್ಮ ವಿದೇಶಾಂಗ ಇಲಾಖೆ ಹೊರಡಿಸಿದ ಮೊದಲ ಹೇಳಿಕೆಯಲ್ಲಿಯೂ ಶೆಲ್ ದಾಳಿಯೆಂದಿತ್ತೇ ಹೊರತು ಯಾರ ಶೆಲ್ಲೆಂದಿರಲಿಲ್ಲ. ಮರುದಿನ, ಎಂದರೆ ಮಾರ್ಚ್ 2ರಂದು, ವಿಶ್ವಸಂಸ್ಥೆಯ ಮಹಾಸಭೆಯು ಉಕ್ರೇನಿನ ಮೇಲಣ ಆಕ್ರಮಣವನ್ನು ಕುರಿತು ಮತ ಹಾಕಿದಾಗ 141 ದೇಶಗಳು ನಿರ್ಣಯದ ಪರವಾಗಿಯೂ 5 ದೇಶಗಳು ವಿರುದ್ಧವಾಗಿಯೂ ನಿಂತವು; 35 ದೇಶಗಳು ತಟಸ್ಥವಾಗಿದ್ದವು, ಅವುಗಳಲ್ಲಿ ಭಾರತವೂ ಒಂದು. ಇದಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳೆನು. ಸಾವಿರಾರು ಭಾರತೀಯ ಮಕ್ಕಳು ಆಗ ಆ ರಣಭೂಮಿಯಲ್ಲಿಯೇ ಸಿಕ್ಕಿಕೊಂಡಿದ್ದರು. ‘ಆಪರೇಷನ್ ಗಂಗಾ’ ಎಂಬ ಕಾರ್ಯಾಚರಣೆಯಿಂದ ಸುಮಾರು 22,500 ಜನ ಸುರಕ್ಷಿತವಾಗಿ ಮರಳಿದರು. ಅವರು ಹೊರಬರಲು ಎರಡೂ ಕಡೆಯವರ ಸಹಕಾರ ಬೇಕಾಗಿತ್ತು. ಬದುಕಿರುವವರನ್ನು ಉಳಿಸುವ ಸಲುವಾಗಿ ಸತ್ತವನ ವಾಕ್ಯದಿಂದ ಕರ್ತೃಪದವನ್ನು ಕೆಲಕಾಲ ತೆಗೆದಿಡಬೇಕಾಗಿ ಬರಬಹುದು. ರಾಜನೀತಿಯ ಕಷ್ಟ ರಾಜನೀತಿಜ್ಞರಿಗೇ ಗೊತ್ತು. ಆದರೆ ತೆಗೆದಿಟ್ಟದ್ದನ್ನು ಮರಳಿ ಇಡುವ ಹೊಣೆ ಇದ್ದೇ ಇರುತ್ತದೆ.

ಇನ್ನೂ ನೋವಿನ ಮಾತೊಂದಿದೆ. ನಮ್ಮ ಶಾಲೆಯ ಶೋಕಸಭೆಗೆ ಠರಾವನ್ನು ಬರೆದವನು ನಾನೇ. ‘ಅಕಾಲ ಮರಣಕ್ಕೀಡಾದ’ ಎಂದೂ ‘ವಿಧಿಯ ಕ್ರೂರ ಲೀಲೆ’ ಎಂದೂ ಬರೆದಿದ್ದೆ. ಸಂಸ್ಕೃತ ಸಮಾಸಗಳ ಸದ್ದಿನಲ್ಲಿ ನಾನೂ ಕರ್ತೃಪದವನ್ನು ನುಂಗಿದ್ದೆ. ಶೆಲ್ಲನ್ನು ಹಾಕಿದ್ದು ವಿಧಿಯಲ್ಲವೆಂಬುದು ನನಗೆ ತಿಳಿದಿರಲಿಲ್ಲವೇ?

ಹಾಗಾದರೆ ಹಗೆಯ ಪಕ್ಷದವನ ಕಂಬನಿಗೆ ಬೆಲೆಯೇ ಇಲ್ಲವೇ? ಇದೆಯೆಂದು ರನ್ನನು ತೋರಿಸಿದ್ದಾನೆ. ಗದಾಯುದ್ಧದ ದುರ್ಯೋಧನನು ಎಲ್ಲವನ್ನೂ ಕಳೆದುಕೊಂಡು ಹೆಣಗಳ ನಡುವೆ ನಡೆದುಹೋಗುವಾಗ ಅಭಿಮನ್ಯುವಿನ ಶವವನ್ನು ಕಾಣುವನು. ಆ ಬಾಲಕನನ್ನು ಹಲವರು ಸುತ್ತುಗಟ್ಟಿ ಕೊಂದದ್ದು ದುರ್ಯೋಧನನ ಪಾಳೆಯದಲ್ಲಿಯೇ. ಅಷ್ಟೇ ಅಲ್ಲ, ದುರ್ಯೋಧನನ ಮಗ ಲಕ್ಷಣಕುಮಾರನನ್ನು ಕೊಂದವನು ಆ ಬಾಲಕನೇ. ಆದರೂ ಕುರುಪತಿ ಅವನಿಗೆ ಕೈಮುಗಿದು, ಅಂಥ ಮರಣ ತನಗೂ ಬರಲೆಂದು ಬೇಡುವನು. ಈ ಸಂದರ್ಭವನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನ್ನ ದನಿ ತಡವರಿಸುತ್ತದೆ. ಅಲ್ಲಿ ಬರೆದುಕೊಳ್ಳುವವರು ಯಾರೂ ಇಲ್ಲ. ಅಭಿಮನ್ಯುವನ್ನು ಕೊಂದವರು ಯಾರೆಂಬುದನ್ನು ಮರೆಸಬೇಕಾದ ಅಗತ್ಯವೂ ಅವನಿಗಿಲ್ಲ. ಅವನು ಕಾಲ್ನಡಿಗೆಯಲ್ಲಿ ಶವದ ಬಳಿಗೆ ಬಂದಿದ್ದಾನೆ. ಆದುದರಿಂದಲೇ ಸಾವಿರ ವರ್ಷಗಳ ಮೇಲೂ ನಾವು ಆ ಕೈಮುಗಿತವನ್ನು ಕಪಟವೆನ್ನುವುದಿಲ್ಲ.

ಕಾವ್ಯದ ಮಾತಾಯಿತು, ಚರಿತ್ರೆಯಲ್ಲಿಯೂ ಇಂಥದು ನಡೆದಿದೆ. 1966ನೆಯ ಇಸವಿಯ ಜನವರಿ 11ರಂದು ತಾಷ್ಕೆಂಟಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ತೀರಿಕೊಂಡಾಗ, ಅವರ ಪಾರ್ಥಿವ ಶರೀರಕ್ಕೆ ಹೆಗಲು ಕೊಟ್ಟವರಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್ ಅವರೊಡನೆ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರೂ ಇದ್ದರು. ನಾಲ್ಕು ತಿಂಗಳ ಹಿಂದಷ್ಟೇ ಎರಡೂ ದೇಶಗಳ ಟ್ಯಾಂಕುಗಳು ಎದುರುಬದುರಾಗಿದ್ದವು. ನಮ್ಮ ಹಿರಿಯರು ಆ ಚಿತ್ರವನ್ನು ಪತ್ರಿಕೆಯಲ್ಲಿ ಕಂಡುದನ್ನು ಹೇಳುತ್ತಿದ್ದರು. ಒಪ್ಪಂದದ ಕಲಮುಗಳು ಯಾರಿಗೂ ನೆನಪಿರಲಿಲ್ಲ, ಆ ಹೆಗಲು ನೆನಪಿತ್ತು. 2001ರ ಜನವರಿ 26ರಂದು ಕಛ್‌ನಲ್ಲಿ ಭೂಕಂಪವಾದಾಗ ಕಾರ್ಗಿಲ್ ಕದನ ಮುಗಿದು ಎರಡು ವರ್ಷವೂ ತುಂಬಿರಲಿಲ್ಲ. ಆದರೂ ಪಾಕಿಸ್ತಾನದಿಂದ ಪರಿಹಾರ ಸಾಮಗ್ರಿ ಹೊತ್ತ ವಿಮಾನಗಳು ಗುಜರಾತಿಗೆ ಬಂದವು. 2005ರಲ್ಲಿ ಗಡಿಯಾಚೆಗೂ ಭೂಮಿ ನಡುಗಿದಾಗ ನಮ್ಮಿಂದಲೂ ನೆರವು ಹೋಯಿತು. 2023ರ ಫೆಬ್ರುವರಿಯಲ್ಲಿ ತುರ್ಕಿಗೆ ನಮ್ಮ ರಕ್ಷಣಾಪಡೆಯೂ ಸೇನೆಯ ವೈದ್ಯರೂ ಧಾವಿಸಿದರು. ಭೂಕಂಪದಲ್ಲಿ ಒಂದು ಅನುಕೂಲವುಂಟು. ಅಲ್ಲಿ ಕರ್ತೃ ಭೂಮಿಯೇ. ಹೆಸರು ಹೇಳಲು ಯಾರೂ ಅಂಜಬೇಕಾಗಿಲ್ಲ.

ಮನುಷ್ಯನು ಕೊಂದ ಕಡೆಯಲ್ಲಿಯೇ ಸಂತಾಪಕ್ಕೆ ನಾಲಗೆ ತಡೆಯುವುದು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ಕನ್ನಡ ನಾಡಿನವರೂ ಇದ್ದರು. ಲೋಕದ ನಾಲ್ಕು ಮೂಲೆಗಳಿಂದ ಸಂತಾಪದ ಸಂದೇಶಗಳು ಬಂದವು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೃತ್ಯವನ್ನು ಖಂಡಿಸಿ, ಕುಟುಂಬಗಳಿಗೆ ಅನುಕಂಪ ವ್ಯಕ್ತಪಡಿಸಿತು. ಆ ಹೇಳಿಕೆಯಲ್ಲಿ ಕ್ರಿಯಾಪದವಿತ್ತು, ಕರ್ಮಪದವಿತ್ತು. ಕೊಂದವರ ಸಂಘಟನೆಯ ಹೆಸರು ಮಾತ್ರ ಇರಲಿಲ್ಲ.

ಕರ್ತೃಪದದಷ್ಟೇ ಮುಖ್ಯವಾದುದು ವಿಳಾಸ. ಇದಕ್ಕೆ ನನಗೆ ತಿಳಿದ ಅತ್ಯಂತ ದುಃಖಕರ ನಿದರ್ಶನ ‘ಕನಿಷ್ಕ’ ವಿಮಾನದ್ದು. 1985ರ ಜೂನ್ 23ರಂದು ಕೆನಡಾದಿಂದ ಹೊರಟ ಏರ್ ಇಂಡಿಯಾದ ಆ ವಿಮಾನ ಐರ್ಲೆಂಡಿನ ಕರಾವಳಿಯ ಬಳಿ ಬಾಂಬ್ ಸಿಡಿದು ಕಡಲಿಗೆ ಬಿದ್ದು 329 ಜನರೂ ಮಡಿದರು. ಅವರಲ್ಲಿ 268 ಮಂದಿ ಕೆನಡಾದ ಪ್ರಜೆಗಳು, ಬಹುಪಾಲು ಭಾರತೀಯ ಮೂಲದವರು. ಆಗಿನ ಕೆನಡಾ ಪ್ರಧಾನಿ ಬ್ರಯಾನ್ ಮಲ್ರೋನಿಯವರು ರಾಜೀವ್ ಗಾಂಧಿಯವರಿಗೆ ದೂರವಾಣಿ ಮಾಡಿ ಸಂತಾಪ ಹೇಳಿದರು. ಸತ್ತವರು ತನ್ನ ಪ್ರಜೆಗಳು. ಅತ್ತ ಮನೆಗಳು ತನ್ನ ನಗರಗಳಲ್ಲಿ. ಸಂತಾಪ ಮಾತ್ರ ಬೇರೊಂದು ದೇಶಕ್ಕೆ! ಮೈಬಣ್ಣವನ್ನು ನೋಡಿ ವಿಳಾಸ ಬರೆದರೆ ಹೀಗಾಗುವುದು. ಆ ಕುಟುಂಬಗಳಿಗೆ ಕೆನಡಾ ಸರಕಾರದ ಕ್ಷಮಾಯಾಚನೆ ಸಂದುದು 2010ರಲ್ಲಿ, 25 ವರ್ಷಗಳ ಮೇಲೆ.

ಆದರೆ ಅದೇ ದುರಂತಕ್ಕೆ ಇನ್ನೊಂದು ಮುಖವಿದೆ. ಐರ್ಲೆಂಡಿನ ನೈಋತ್ಯ ತೀರದಲ್ಲಿ ಅಹಕಿಸ್ಟಾ ಎಂಬ ಪುಟ್ಟ ಊರಿದೆ. ಸತ್ತವರಲ್ಲಿ ಒಬ್ಬರೂ ಆ ಊರವರಲ್ಲ. ತಮ್ಮವರ ದೇಹಗಳನ್ನು ಹುಡುಕಿಕೊಂಡು ಬಂದ ಭಾರತೀಯ ಕುಟುಂಬಗಳನ್ನು ಆ ಸೀಮೆಯ ಜನ ಕೈಹಿಡಿದು ನಡೆಸಿಕೊಂಡರು. ಮರುವರ್ಷ, 1986ರಲ್ಲಿ, ಕಡಲ ದಂಡೆಯಲ್ಲಿ ಸ್ಮಾರಕದ ತೋಟವೊಂದು ಸಿದ್ಧವಾಯಿತು. ನಡುವೆ ನೆರಳಿನಿಂದ ಹೊತ್ತು ತಿಳಿಸುವ ಗಡಿಯಾರ. ಅಂದಿನಿಂದ ಜೂನ್ 23 ಬಂದಾಗ ಊರವರೂ ಕುಟುಂಬಗಳವರೂ ಅಲ್ಲಿ ಸೇರುತ್ತಾರೆ. ರಾಯಭಾರಿಗಳ ಭಾಷೆ ಆ ಊರವರಿಗೆ ಬಾರದು. ಯಾರ ದುಃಖ ಯಾರದೆಂಬ ಗೊಂದಲ ಅವರಿಗೆ ಆಗಲಿಲ್ಲ. ಬಾಗಿಲಿಗೆ ಬಂದವನು ಅಳುತ್ತಿದ್ದಾನೆ, ಅಷ್ಟು ಸಾಕಾಯಿತು.

ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಪದ್ಧತಿ ನೆನಪಾಯಿತು. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬೀಗರೂ ನೆರೆಯವರೂ ಬುತ್ತಿ ಕಟ್ಟಿಕೊಂಡು ಬರುವರು. ‘ಮಾತಾಡಿಸಿಕೊಂಡು ಬರುವುದು’ ಎಂದು ಅದಕ್ಕೆ ಹೆಸರು. ಆದರೆ ಮಾತು ಕಡಿಮೆ. ಕಟ್ಟೆಯ ಮೇಲೆ ಒಂದು ತಾಸು ಕುಳಿತು, ಎದ್ದು ಬರುವಾಗ ‘ಹೋಗಿ ಬರುತ್ತೇವೆ’ ಎನ್ನಬಾರದೆಂಬ ರೂಢಿಯುಂಟು. ಹೇಳದೆ ಎದ್ದು ಬರುವರು. ಮೂರನೆಯ ದಿನವೋ ಹನ್ನೊಂದನೆಯ ದಿನವೋ ಮರಳಿ ಹೋಗಿಯೇ ಹೋಗುವರು. ರಾಷ್ಟ್ರಗಳ ಸಂತಾಪದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗಾಗಿ: ಬರುತ್ತೇವೆಂಬ ಮಾತು ಮೊದಲನೆಯ ದಿನವೇ ಮುಗಿದಿರುತ್ತದೆ. ತನಿಖೆಯಾಗುವುದೆಂದು 2022ರ ಮಾರ್ಚ್ 2ರಂದು ಆಡಿದ ಮಾತನ್ನು ನಾನು ಸಂತಾಪವೆಂದು ಎಣಿಸುವುದಿಲ್ಲ, ಸಾಲದ ಪತ್ರವೆಂದು ಎಣಿಸುತ್ತೇನೆ. ಸಾಲದ ಪತ್ರವು ಅದನ್ನು ಬರೆದುಕೊಟ್ಟವನಿಗೆ ಗೌರವ ತರುವುದು ಮರುಪಾವತಿಯ ದಿನ.

ನಮ್ಮ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ದಸರೆಯ ಹೊತ್ತಿನ ಕಾರ್ಣಿಕವನ್ನು ಕೇಳದವರು ಈ ಓದುಗರಲ್ಲಿ ವಿರಳ. ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಸಾವಿರಾರು ಜನರ ಜಾತ್ರೆ ಉಸಿರು ಹಿಡಿಯುವುದು. ಒಂದೇ ಒಂದು ವಾಕ್ಯ. ಅದರ ಅರ್ಥವನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಜನ ಬಿಡಿಸುವರು. ಮಳೆಗೆ ಒಬ್ಬನು ಹೊಂದಿಸಿದರೆ ರಾಜ್ಯಕ್ಕೆ ಇನ್ನೊಬ್ಬನು ಹೊಂದಿಸುವನು. ದೈವದ ಮಾತಿಗೆ ಆ ಮುಸುಕು ಒಪ್ಪುವುದು. ಮಗನನ್ನು ಕಳೆದುಕೊಂಡ ತಾಯಿಯು ರಾಯಭಾರಿಯ ಮಾತನ್ನು ಕಾರ್ಣಿಕದಂತೆ ಕುಳಿತು ಬಿಡಿಸಬೇಕೇ?

ಇಲ್ಲಿಯವರೆಗೆ ಪರರ ವಾಕ್ಯಗಳನ್ನು ತಿದ್ದಿದ್ದಾಯಿತು. ಆ ಹುಡುಗನು ಖಾರ್ಕಿವ್‌ಗೆ ‘ಹೋದನು’ ಎಂಬ ವಾಕ್ಯವೊಂದುಂಟಲ್ಲ, ಅದನ್ನೂ ಬಿಡಿಸಬೇಕು. ಪದವಿಪೂರ್ವ ಪರೀಕ್ಷೆಯಲ್ಲಿ ಮಗನಿಗೆ ನೂರಕ್ಕೆ 97 ಅಂಕ ಬಂದಿದ್ದರೂ ಇಲ್ಲಿ ವೈದ್ಯಕೀಯ ಸೀಟು ದೊರೆಯಲಿಲ್ಲವೆಂದೂ ಇಲ್ಲಿ ಕೊಡಬೇಕಾದ ಹಣದ ಕಿಂಚಿದಂಶದಲ್ಲಿ ಅಲ್ಲಿ ಓದಬಹುದಾಗಿತ್ತೆಂದೂ ತಂದೆಯವರು ಅಂದು ಪತ್ರಿಕೆಗಳ ಮುಂದೆ ಹೇಳಿದರು. ಅವನಂತೆಯೇ ಹೋದ ಸಾವಿರಾರು ಮಕ್ಕಳ ಕಥೆಯೂ ಅದೇ. ಅವರನ್ನು ಕಳುಹಿಸಿದವರು ಯಾರು? ಇಲ್ಲಿಯೂ ಕರ್ತೃಪದ ಲೋಪವಾಗಿದೆ. ವಿದ್ಯಾದಾನದ ಹೆಸರಿನಲ್ಲಿ ಸಂಸ್ಥೆಗಳನ್ನು ಕಟ್ಟಿದ ಈ ನಾಡು, ವೈದ್ಯವಿದ್ಯೆಯ ಬಾಗಿಲಿನಲ್ಲಿ ತಕ್ಕಡಿಯನ್ನಿಟ್ಟು ಕುಳಿತಿತು. ಈ ಸಂಚಿಕೆಯನ್ನು ಓದುವ ದಾನಿಗಳು ಮುನಿಯಬಾರದು. ಒಂದು ಕಾಲಕ್ಕೆ ಹಿಡಿಯಕ್ಕಿಯಿಂದ, ಬುತ್ತಿಯ ರೊಟ್ಟಿಯಿಂದ ಬಡ ಹುಡುಗರ ಪ್ರಸಾದನಿಲಯಗಳನ್ನು ನಡೆಸಿದ ಸಮಾಜವಿದು. ಅಂಥ ಸಮಾಜದ ಮಗುವೊಂದು ಊಟಕ್ಕಾಗಿ ಪರದೇಶದ ಬೀದಿಯಲ್ಲಿ ಸಾಲಿನಲ್ಲಿ ನಿಂತು ಸತ್ತಿತೆಂದ ಮೇಲೆ, ನಾವು ರಷ್ಯಾದಿಂದಲೋ ಉಕ್ರೇನಿನಿಂದಲೋ ಬಂದ ಕಂಬನಿಯನ್ನು ಮಾತ್ರ ತೂಗುತ್ತ ಕುಳಿತರೆ ನ್ಯಾಯವಾಗದು. ನಾನು ಬರೆದ ಠರಾವಿನಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

ಮಾರ್ಚ್ 21ರಂದು ಪಾರ್ಥಿವ ಶರೀರ ಬೆಂಗಳೂರಿಗೆ ಬಂದು, ಅಲ್ಲಿಂದ ಚಳಗೇರಿಗೆ ಬಂತು. ಸಾವಿಗೂ ಮಣ್ಣಿಗೂ ನಡುವೆ ಇಪ್ಪತ್ತು ದಿನ ಕಾಯುವುದೆಂದರೆ ಏನೆಂಬುದನ್ನು ನಮ್ಮ ಕಡೆಯವರು ಅದುವರೆಗೆ ಅರಿತಿರಲಿಲ್ಲ. ಮನೆಯಲ್ಲಿ ಪೂಜೆಯಾದ ಮೇಲೆ ಶರೀರವನ್ನು ಮಣ್ಣಿಗೂ ಕೊಡಲಿಲ್ಲ. ದಾವಣಗೆರೆಯ ಎಸ್. ಎಸ್. ವೈದ್ಯಕೀಯ ಮಹಾವಿದ್ಯಾಲಯಕ್ಕೆ, ಅಲ್ಲಿಯ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ದಾನ ಮಾಡಿದರು. ಸೀಟಿಗಾಗಿ ಸಾವಿರಾರು ಹರದಾರಿ ಹೋದವನು ತನ್ನ ಊರಿನ ಮಗ್ಗುಲಿನ ವೈದ್ಯ ಶಾಲೆಗೆ ಕೊನೆಗೆ ಪ್ರವೇಶ ಪಡೆದ ಬಗೆ ಇದು. ಯಾವ ರಾಷ್ಟ್ರವೂ ಆ ಮನೆಗೆ ಕೊಟ್ಟದ್ದಕ್ಕಿಂತ ಆ ಮನೆ ಲೋಕಕ್ಕೆ ಕೊಟ್ಟದ್ದು ದೊಡ್ಡದೆಂದು ನಾನು ತಿಳಿಯುತ್ತೇನೆ.

ಆ ವಾರವೇ ಹತ್ತನೆಯ ತರಗತಿಗೆ ಪತ್ರಲೇಖನದ ಪಾಠವಿತ್ತು. ರಜಾ ಅರ್ಜಿಯನ್ನೂ ಪುಸ್ತಕ ತರಿಸುವ ಪತ್ರವನ್ನೂ ಬದಿಗಿಟ್ಟು, ಚಳಗೇರಿಯ ಆ ಮನೆಗೆ ಸಂತಾಪದ ಪತ್ರ ಬರೆಯಿರೆಂದೆ. ಬಹುಪಾಲು ಮಕ್ಕಳು ನನ್ನ ಠರಾವಿನ ಭಾಷೆಯನ್ನೇ ಬರೆದಿದ್ದರು. ವಿಧಿಯ ಲೀಲೆ, ತುಂಬಲಾರದ ನಷ್ಟ, ಭಗವಂತನು ಶಾಂತಿಯನ್ನು ಕರುಣಿಸಲಿ. ಅದು ಅವರ ತಪ್ಪಲ್ಲ, ಮೂವತ್ತು ವರ್ಷ ಅದನ್ನೇ ಕಲಿಸಿದವನ ತಪ್ಪು. 2014ರಲ್ಲಿ ಆ ಹುಡುಗನಿಗೆ ‘ತಿಳಿಯದಿದ್ದರೇನು’ ಎಂದವನೂ ಇವನೇ. ತಿಳಿಯಬೇಕಾಗಿತ್ತು. ನಾವು ನಿಂತದ್ದು ಪೇಶಾವರದ ಯಾವುದಾದರೊಂದು ಮನೆಗೆ ತಿಳಿಯುವಂತೆ ಮಾಡುವುದು ಹೇಗೆಂದು ಅಂದೇ ಅವನೊಡನೆ ಕುಳಿತು ಯೋಚಿಸಬೇಕಾಗಿತ್ತು. ಒಂದು ಕಾಗದ ಬರೆದಿದ್ದರೂ ಆಗುತ್ತಿತ್ತು.

ಒಬ್ಬ ಹುಡುಗಿಯ ಪತ್ರ ಮಾತ್ರ ಬೇರೆಯಾಗಿತ್ತು. ಅಣ್ಣನನ್ನು ಯುದ್ಧ ಮಾಡುವವರು ಕೊಂದರೆಂದು ಅವ್ವ ಹೇಳಿದಳು ಎಂದು ಆರಂಭಿಸಿದ್ದಳು. ನಮ್ಮೂರ ಸ್ಟೇಷನ್ನಿಗೆ ಬರುವ ರೈಲೇ ನಿಮ್ಮೂರಿಗೂ ಬರುತ್ತದೆ, ದಸರೆಗೆ ಗುಡ್ಡಕ್ಕೆ ಬಂದರೆ ನಮ್ಮ ಮನೆಗೆ ಊಟಕ್ಕೆ ಬರಬೇಕು, ನಮ್ಮದು ಬಾವಿಯ ಪಕ್ಕದ ಮನೆ, ನಾನು ಮುಂದೆ ಡಾಕ್ಟರ್ ಆಗಬೇಕೆಂದಿದ್ದೇನೆ, ಆದರೆ ದುಡ್ಡಿಲ್ಲ ಎಂದು ಬರೆದಿದ್ದಳು. ದೀರ್ಘಾಕ್ಷರಗಳಲ್ಲಿ ಮೂರು ತಪ್ಪುಗಳಿದ್ದವು. ಕೆಂಪು ಶಾಯಿಯ ಲೇಖನಿ ಕೈಯಲ್ಲಿಯೇ ಇತ್ತು, ತಿದ್ದಲಿಲ್ಲ. ಲಕೋಟೆಯ ಮೇಲೆ ಮುಕ್ಕಾಮು ಚಳಗೇರಿ, ತಾಲ್ಲೂಕು ರಾಣೇಬೆನ್ನೂರು ಎಂದು ಅವಳೇ ಬರೆದಳು. ಅಂಚೆಚೀಟಿಯನ್ನು ನಾನು ಹಚ್ಚಿದೆ.